ಧರ್ಮರಾಜ ಗೌಡರ ಹನ್ನೆರಡು ತಪ್ಪಲೆಗಳು

ವಯನಾಡಿನ ಪನಮರಂ ಪೇಟೆಯಿಂದ ಸ್ವಲ್ಪ ಒಳಗೆ, ಗದ್ದೆ ಬಯಲಿನ ಅಂಚಿನಲ್ಲಿ ಧರ್ಮರಾಜ ಗೌಡರ ಮನೆ. ಕಾಫಿ, ಕರಿಮೆಣಸು, ಒಂದಿಷ್ಟು ಗದ್ದೆ, ಎರಡು ಹಸು. ಹಳೆಯ ಕಾಫಿ ಗೋದಾಮನ್ನು ತಿದ್ದಿ ಎರಡು ಕೋಣೆ ಮಾಡಿ ಹೋಂಸ್ಟೇ ಅಂತ ಬೋರ್ಡು ಹಾಕಿದ್ದರು. ಯಾವುದೋ ಕಾಲದಲ್ಲಿ ಕರ್ನಾಟಕದಿಂದ ಬಂದು ನೆಲೆನಿಂತ ಜೈನರ ಮನೆ. ಒಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ.

ಗೌಡರು ಯಾರಾದರೂ ತಿಳಿದವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ. ಡಾಕ್ಟರು ದಿನಾ ನಡೆಯಿರಿ ಎಂದ ಮೇಲೆ, ಜ್ವರ ಬಂದ ದಿನವೂ ಕಂಬಳಿ ಹೊದ್ದುಕೊಂಡು ಅಂಗಳದಲ್ಲಿ ಸುತ್ತು ಹಾಕಿದವರು. ಹೆಂಡತಿ ಲೀಲಾವತಿ ಅವರಿಗೆ ಏನಾದರೂ ಹೇಳುವ ಮೊದಲು ಎರಡು ಸಲ ಯೋಚಿಸುತ್ತಿದ್ದಳು. ಹೇಳಿದ್ದು ಆಗಿಯೇ ಬಿಡುತ್ತದಲ್ಲ!

ಒಂದು ಮಳೆಗಾಲದಲ್ಲಿ ಹಾಲೆಂಡಿನ ಯಾನ್ ಎಂಬ ಸೈಕಲ್ ಸವಾರ ಅವರ ಹೋಂಸ್ಟೇಗೆ ಬಂದ. ಬೇಗೂರಿನ ಕಾಡುದಾರಿಯಲ್ಲಿ ಆನೆ ಕಂಡು ಗಾಬರಿಯಾಗಿ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದ. ಆನೆಯೇನೋ ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಕಾಲು ಕೂಡುವವರೆಗೆ ಲೀಲಾವತಿ ಅವನಿಗೆ ಗಂಜಿ, ಪಲ್ಯ, ಹಬೆಯಾಡುವ ಕಡುಬು ಕೊಟ್ಟು ನೋಡಿಕೊಂಡಳು. ಹೊರಡುವ ದಿನ ಅವನು ಕೋಣೆಯ ಬಾಡಿಗೆ ಕೊಟ್ಟ ಮೇಲೆ ಗೌಡರ ಫೋನು ಇಸಕೊಂಡು, ಅದರಲ್ಲಿ ವ್ಯಾಲೆಟ್ ಎಂಬ ದುಡ್ಡಿನ ಚೀಲದಂಥ ಆ್ಯಪ್ ಹಾಕಿ, ತನ್ನದರಿಂದ ಸ್ವಲ್ಪ ಬಿಟ್‌ಕಾಯಿನ್ ಅದಕ್ಕೆ ಕಳಿಸಿದ. ಇದು ಉಡುಗೊರೆ, ಇಟ್ಟುಕೊಂಡಿರಿ, ಮುಂದೆ ಒಂದು ಹಳೇ ಜೀಪಾದರೂ ಬಂದೀತು ಎಂದ.

ಆಮೇಲೆ ಗೌಡರನ್ನು ಎದುರಿಗೆ ಕೂರಿಸಿಕೊಂಡು ಎಚ್ಚರಿಕೆ ಹೇಳಿದ. ಫೋನಿನ ಪರದೆಯ ಮೇಲೆ ಹನ್ನೆರಡು ಇಂಗ್ಲಿಷ್ ಪದಗಳು ಬಂದಿದ್ದವು. ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ. ಈ ಹನ್ನೆರಡು ಪದಗಳೇ ಎಲ್ಲ. ಫೋನು ಹೋದರೆ ಚಿಂತೆಯಿಲ್ಲ, ಬೇರೆ ಫೋನಿನಲ್ಲಿ ಇವನ್ನು ಇದೇ ಕ್ರಮದಲ್ಲಿ ಹಾಕಿದರೆ ದುಡ್ಡು ಬರುತ್ತದೆ. ಪದಗಳು ಹೋದರೆ ಎಲ್ಲವೂ ಹೋದ ಹಾಗೆ. ಫೋಟೋ ತೆಗೆಯಬೇಡಿ, ಫೋನಿನಲ್ಲಿ ಬರೆದಿಡಬೇಡಿ, ಯಾರಿಗೂ ಹೇಳಬೇಡಿ. ಯಾರಾದರೂ ಕೇಳಿದರೆ ಅವನು ಕಳ್ಳನೇ.

ಗೌಡರು ಕಾಗದದಲ್ಲಿ ಬರೆದುಕೊಂಡರು. ಆದರೆ ವಯನಾಡಿನ ಮಳೆಗಾಲದಲ್ಲಿ ಕಾಗದದ ಗತಿ ಎಲ್ಲರಿಗೂ ಗೊತ್ತಿರುವುದೇ. ಕರ್ಕಾಟಕ ತಿಂಗಳು ಮುಗಿಯುವ ಹೊತ್ತಿಗೆ ಕಪಾಟಿನೊಳಗಿನ ಆ ಚೀಟಿಗೆ ಬೂಷ್ಟು ಹಿಡಿದು ಮೂರನೆಯ ಪದಕ್ಕೆ ಮೀಸೆ ಬಂದಿತ್ತು. ಗೌಡರು ಹೆದರಿದರು. ಬೂಷ್ಟು ಹಿಡಿಯದ್ದು, ಗೆದ್ದಲು ತಿನ್ನದ್ದು, ಬೆಂಕಿಗೆ ಸುಡದ್ದು ಯಾವುದು ಎಂದು ಯೋಚಿಸುತ್ತ ಊಟಕ್ಕೆ ಕೂತಾಗ ತಟ್ಟೆಯ ಅಂಚಿನಲ್ಲಿ ಲೀಲಾವತಿಯ ಹೆಸರು ಕಂಡಿತು. ಸ್ಟೀಲು. ಅಂಗಡಿಯವರು ಕರ್ರೆನ್ನುವ ಸೂಜಿಯಿಂದ ಕೊರೆದುಕೊಟ್ಟ ಹೆಸರು ಮೂವತ್ತು ವರ್ಷ ತಿಕ್ಕಿದರೂ ಅಳಿಸಿರಲಿಲ್ಲ.

ಹನ್ನೆರಡು ತಪ್ಪಲೆ ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ಒಂದರೊಳಗೆ ಒಂದು ಕೂರುವಂಥವು. ಅತಿ ದೊಡ್ಡದರ ಮೇಲೆ ಮೊದಲನೇ ಪದ, ಅತಿ ಚಿಕ್ಕದರ ಮೇಲೆ ಕೊನೆಯದು. ನಂಬರು ಹಾಕುವ ಕೆಲಸವೇ ಇಲ್ಲ. ಒಂದೇ ಅಂಗಡಿಯವನು ಎಲ್ಲ ಪದ ನೋಡಬಾರದೆಂದು ದೊಡ್ಡ ನಾಲ್ಕನ್ನು ಪನಮರಂನಲ್ಲಿ, ನಡುವಿನ ನಾಲ್ಕನ್ನು ಕಾಟ್ಟಿಕುಳಂನಲ್ಲಿ, ಚಿಕ್ಕವನ್ನು ಮಾನಂದವಾಡಿಯಲ್ಲಿ ಕೊಂಡರು.

ಪನಮರಂನ ಪಾತ್ರೆ ಅಂಗಡಿಯ ಕರುಣಾಕರನ್ ಸೂಜಿ ಹಿಡಿದು, ಯಾರ ಹೆಸರು ಕೊರೆಯಲಿ ಎಂದು ಕೇಳಿದ.

“ಆನಿಯನ್,” ಎಂದರು ಗೌಡರು.

ಕರುಣಾಕರನ್ ಸೂಜಿಯನ್ನು ಪಾತ್ರೆಗೆ ತಾಗಿಸಿ, “ಇನಿಶಿಯಲ್ ಬೇಡವಾ?” ಎಂದ.

ಕಾಟ್ಟಿಕುಳಂನ ಅಂಗಡಿಯವನಿಗೆ ‘ಲೇಜಿ’, ‘ಡೈವೋರ್ಸ್’ ಎಂದು ಕೊರೆಯಬೇಕಾಯಿತು. ಅವನು ಕೊರೆದ. ಆದರೆ ಚಿಲ್ಲರೆ ಕೊಡುವಾಗ ತಗ್ಗಿದ ದನಿಯಲ್ಲಿ, ಇಂಥ ವಿಷಯವನ್ನು ಪಾತ್ರೆಯ ಮೇಲೆ ಬರೆದು ತಿಳಿಸುವ ಬದಲು ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಮಾತಾಡುವುದು ಒಳ್ಳೆಯದು ಎಂದು ಬುದ್ಧಿ ಹೇಳಿದ.

ಹನ್ನೆರಡೂ ಬಂದ ಮೇಲೆ ಗೌಡರು ಚೀಟಿಯನ್ನು ಒಲೆಗೆ ಹಾಕಿ ಸುಟ್ಟರು. ತಪ್ಪಲೆಗಳನ್ನು ಒಂದರೊಳಗೊಂದು ಇಟ್ಟು, ಗೋಣಿ ಹೊದಿಸಿ ಅಟ್ಟದ ಮೂಲೆಗೆ ಏರಿಸಿದರು. ಯಾರಿಗೂ ಹೇಳಬೇಡಿ ಎಂದು ಯಾನ್ ಹೇಳಿದ್ದನಲ್ಲ, ಹೆಂಡತಿಗೂ ಹೇಳಲಿಲ್ಲ.

ಭಾದ್ರಪದದಲ್ಲಿ ಲೀಲಾವತಿಯ ನೋಂಪಿ ಮುಗಿಯುವುದಿತ್ತು. ವರ್ಷಗಟ್ಟಲೆ ಉಪವಾಸವಿದ್ದು ಮಾಡಿದ ವ್ರತದ ಉದ್ಯಾಪನೆ. ಅಂದು ಹೆಂಗಸರಿಗೆ ಪಾತ್ರೆ ದಾನ ಕೊಡಬೇಕು. ಈ ಮಾತನ್ನು ಗಂಡನ ಹತ್ತಿರ ಎತ್ತುವುದು ಹೇಗೆ ಎಂದು ಯೋಚಿಸುತ್ತಲೇ ಅವಳು ಬೆಲ್ಲದ ಡಬ್ಬ ಹುಡುಕಲು ಅಟ್ಟ ಹತ್ತಿದಳು. ಗೋಣಿ ಸರಿಸಿದಾಗ ಹೊಚ್ಚ ಹೊಸ ತಪ್ಪಲೆಗಳ ರಾಶಿ. ಲೀಲಾವತಿ ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಳು. ಮದುವೆಯಾದಾಗಿನಿಂದ ಈ ಮನುಷ್ಯ ತಾವಾಗಿ ಒಂದು ಹಬ್ಬವನ್ನೂ ನೆನಪಿಟ್ಟವರಲ್ಲ. ಈಗ ನೋಡಿದರೆ ಬಾಯಿ ಬಿಟ್ಟು ಕೇಳುವ ಮೊದಲೇ ತಂದು, ಹೇಳದೆ ಬಚ್ಚಿಟ್ಟಿದ್ದಾರೆ. ಅವಳ ಕಣ್ಣು ತುಂಬಿತು.

ದೊಡ್ಡ ತಪ್ಪಲೆಯ ಬುಡದಲ್ಲಿ ಇಂಗ್ಲಿಷಿನಲ್ಲಿ ಈರುಳ್ಳಿ ಅಂತ ಇರುವುದನ್ನು ಕಂಡಳು. ಯಾರೋ ಕೊರೆಸಿ ಬಿಟ್ಟುಹೋದ ಮಾಲನ್ನು ಇವರು ಕಡಿಮೆಗೆ ತಂದಿರಬೇಕು ಎಂದುಕೊಂಡಳು. ಅದು ಗಂಡನ ಸ್ವಭಾವಕ್ಕೆ ಒಪ್ಪುವ ಹಾಗಿತ್ತು, ಹಾಗಾಗಿ ಸಂತೋಷವೇನೂ ಕಡಿಮೆಯಾಗಲಿಲ್ಲ. ಈರುಳ್ಳಿ ಮುಟ್ಟದ ಮನೆಗಳಿಗೆ ಈರುಳ್ಳಿಯ ಹೆಸರಿನ ಪಾತ್ರೆ ಕೊಡುವುದು ಸರಿಯಲ್ಲವೆಂದು ಅದನ್ನು ಪಕ್ಕದ ಮನೆಯ ಗೆಳತಿ ಶಾಂತಳಿಗೆ ತೆಗೆದಿಟ್ಟಳು. ಶಾಂತ ಕಾಟ್ಟಿಕುಳಂನಲ್ಲಿ ನಾಲ್ಕು ಹೆಂಗಸರ ಜೊತೆ ಸೇರಿ ಕ್ಯಾಂಟೀನು ನಡೆಸುತ್ತಿದ್ದಳು. ಉಳಿದವುಗಳ ಬುಡವನ್ನು ಲೀಲಾವತಿ ನೋಡಲೂ ಇಲ್ಲ. ಅರಿಸಿನ ಕುಂಕುಮ ಹಚ್ಚಿ, ಅಕ್ಕಿ ಬೆಲ್ಲ ತುಂಬಿ, ರವಿಕೆ ಬಟ್ಟೆ ಸುತ್ತಿ ಗಂಟು ಕಟ್ಟಿದಳು.

ಉದ್ಯಾಪನೆಯ ದಿನ ಗೌಡರು ಬಸದಿಯ ಹೊರಗೆ ಮಳೆಗೆ ಟಾರ್ಪಾಲು ಕಟ್ಟಿಸುವ ಉಸ್ತುವಾರಿಯಲ್ಲಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಗಂಟು ಹಿಡಿದುಕೊಂಡು ಹೊರಗೆ ಬಂದರು. ಒಂದು ಗಂಟನ್ನು ಗೌಡರೇ ಸ್ಕೂಟರಿನ ಹಿಂದೆ ಹಗ್ಗ ಹಾಕಿ ಭದ್ರವಾಗಿ ಕಟ್ಟಿಕೊಟ್ಟರು.

ಮನೆಗೆ ಬಂದ ಮೇಲೆ ಲೀಲಾವತಿ ಅವರ ಎದುರು ನಿಂತು, ನೀವು ಮಾಡಿದ್ದು ದೊಡ್ಡದು, ನಾನು ಮರೆಯೋದಿಲ್ಲ ಎಂದಳು. ಗೌಡರು ಟಾರ್ಪಾಲಿನ ವಿಷಯ ಎಂದು ತಿಳಿದು, ಅದರಲ್ಲೇನಿದೆ, ಗಾಳಿ ಇಲ್ಲದಿದ್ದರೆ ಇನ್ನೂ ಚೆನ್ನಾಗಿ ಕಟ್ಟಿಸುತ್ತಿದ್ದೆ ಎಂದರು. ಆ ವಾರವಿಡೀ ಒಬ್ಬಟ್ಟು, ಪಾಯಸ, ಬಾಳೆಹಣ್ಣಿನ ಹಲ್ವ. ಒಂದು ಟಾರ್ಪಾಲಿಗೆ ಇಷ್ಟೊಂದು ಬೆಲೆಯಿದೆ ಎಂದು ಇಷ್ಟು ವರ್ಷ ತಿಳಿಯಲಿಲ್ಲವಲ್ಲ ಎಂದು ಗೌಡರಿಗೆ ಅನ್ನಿಸಿತು.

ಮಳೆ ಹಿಂದೆ ಸರಿದ ಮೇಲೆ ಒಂದು ಬೆಳಗ್ಗೆ ಗೌಡರು ಗೋಬರ್ ಗ್ಯಾಸಿನ ತೊಟ್ಟಿಗೆ ಸಗಣಿ ಕಲಸಲು ಬಗ್ಗಿದರು. ಅಂಗಿಯ ಜೇಬಿನಲ್ಲಿದ್ದ ಫೋನು ಜಾರಿ, ಒಂದು ಗುಳ್ಳೆ ಬಿಟ್ಟು, ಮುಳುಗಿತು. ಗೌಡರು ಗಾಬರಿಯಾಗಲಿಲ್ಲ. ಇಂಥ ದಿನಕ್ಕೆಂದೇ ಅಲ್ಲವೇ ಏರ್ಪಾಡು ಮಾಡಿದ್ದು! ಕೈ ತೊಳೆದು, ಪೇಟೆಗೆ ಹೋಗಿ ಹೊಸ ಫೋನು ತಂದು, ಹಗುರವಾದ ಮನಸ್ಸಿನಿಂದ ಅಟ್ಟ ಹತ್ತಿದರು. ಗೋಣಿ ಇತ್ತು. ಅದರ ಕೆಳಗೆ ಬೆಲ್ಲದ ಡಬ್ಬ ಇತ್ತು.

ಕೆಳಗಿಳಿದು ಬಂದು, ಸಾಧ್ಯವಾದಷ್ಟು ಸಾಧಾರಣ ದನಿಯಲ್ಲಿ, ಅಟ್ಟದ ಮೇಲೆ ಏನೋ ಪಾತ್ರೆ ಇತ್ತಲ್ಲ ಎಂದರು. ಲೀಲಾವತಿ ಅಕ್ಕಿ ಆರಿಸುತ್ತಿದ್ದವಳು ನಾಚಿದಳು. ಎಲ್ಲವನ್ನೂ ಚೆನ್ನಾಗಿ ವಿನಿಯೋಗ ಮಾಡಿದೆ, ತೆಗೆದುಕೊಂಡವರೆಲ್ಲ ನಿಮ್ಮನ್ನು ಹೊಗಳಿದರು ಎಂದಳು. ಅವಳ ಮುಖ ನೋಡಿದ ಮೇಲೆ ಗೌಡರು, ಒಳ್ಳೆಯದಾಯಿತು ಎಂದರು. ತಿಂದ ಒಬ್ಬಟ್ಟಿನ ಲೆಕ್ಕ ಈಗ ಹೊಂದಿಕೆಯಾಯಿತು.

ದಾನ ಕೊಟ್ಟದ್ದನ್ನು ವಾಪಸು ಕೇಳುವ ಹಾಗಿಲ್ಲ. ಆದರೆ ಪಾತ್ರೆ ಯಾರಿಗೆ ಬೇಕು, ಬುಡದ ಪದ ಓದಿಕೊಂಡು, ಪಾತ್ರೆಯ ಅಗಲ ಅಳೆದುಕೊಂಡರೆ ಸಾಕು ಎಂದು ಹೊಳೆಯಿತು. ಹೆಂಡತಿಯ ಮಾತಿನ ನಡುವೆ ಹೆಸರುಗಳನ್ನು ಹೆಕ್ಕಿಕೊಂಡು, ಅಳತೆ ಟೇಪು ಜೇಬಿಗೆ ಹಾಕಿ ಹೊರಟರು. ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿದರು. ಫೇಸ್‌ಬುಕ್ಕಿನ ಒಂದು ಗುಂಪಿನಲ್ಲಿ, ವ್ಯಾಲೆಟ್ಟಿನ ಪದಗಳು ಕಳೆದರೆ ಏನು ದಾರಿ ಎಂದು ಕೇಳಿ ತಮ್ಮ ನಂಬರನ್ನೂ ಹಾಕಿದರು.

ದಾರಿಯಲ್ಲೇ ಫೋನು ಬಂತು. ವ್ಯಾಲೆಟ್ ಸಹಾಯ ಕೇಂದ್ರದಿಂದ ಮಾತಾಡುತ್ತಿದ್ದೇನೆ ಎಂದು ಒಬ್ಬ ಹಿಂದಿ ಬೆರೆತ ಇಂಗ್ಲಿಷಿನಲ್ಲಿ ಹೇಳಿ, ಸಮಸ್ಯೆ ಈಗಲೇ ಸರಿಹೋಗುತ್ತದೆ, ಹನ್ನೆರಡು ಪದ ಹೇಳಿ ಎಂದ. ಇಷ್ಟು ಬೇಗ ಸಹಾಯ ಸಿಕ್ಕಿದ ಸಂತೋಷದಲ್ಲಿ ಗೌಡರಿಗೆ ಯಾನ್ ಹೇಳಿದ ಕೊನೆಯ ಮಾತು ಮರೆತೇಹೋಯಿತು. ಪದಗಳು ತಪ್ಪಲೆಗಳ ಮೇಲಿವೆ, ತಪ್ಪಲೆಗಳು ಊರೂರಿನ ಅಡುಗೆಮನೆಗಳಲ್ಲಿವೆ, ಎಲ್ಲ ಸಿಕ್ಕಿದ ಮೇಲೆ ಕ್ರಮವಾಗಿ ಒಟ್ಟಿಗೇ ಹೇಳುತ್ತೇನೆ ಎಂದರು. ತಪ್ಪಲೆ ಎಂದರೆ ಯಾವ ಕಂಪನಿಯ ಸಾಧನ ಎಂದು ಅವನು ಕೇಳಿದ. ಅನ್ನ ಮಾಡುವ ಸಾಧನ ಎಂದು ಗೌಡರು ತಿಳಿಸಿದರು.

ಮೊದಲ ಮನೆ ಸರಿತಳದು. ಅವಳು ಬಾಗಿಲಲ್ಲೇ ಬಿಗಿದ ಮುಖದಿಂದ ನಿಂತಳು. ಗೌಡರು ಕಾಫಿ ಗಿಡದ ಕಾಯಿಕೊರಕದ ವಿಷಯ ಎತ್ತಿ, ಹವೆಯ ವಿಷಯ ಎತ್ತಿ, ಕೊನೆಗೆ ಆ ತಪ್ಪಲೆ ಹೇಗಿದೆ ಎಂದರು. ಸರಿತ ಒಳಗೆ ಹೋಗಿ ಅದನ್ನು ತಂದು ಬುಡ ಮೇಲೆ ಮಾಡಿ ಅವರ ಮುಂದಿಟ್ಟಳು.

“ಗೌಡರೇ, ನಾನು ಸೋಮಾರಿ ಅಂತ ಲೀಲಾವತಿ ಚೇಚಿ ಪಾತ್ರೆ ಮೇಲೆ ಬರೆಸಿ ಕೊಡಬೇಕಾಗಿತ್ತಾ? ಮುಖಕ್ಕೇ ಹೇಳಿದ್ದರೆ ಆಗ್ತಿರಲಿಲ್ಲವಾ?”

ಗುಟ್ಟು ಬಿಡುವ ಹಾಗಿಲ್ಲ. ಗೌಡರು, “ಅದು ಕಂಪನಿಯ ಹೆಸರು,” ಎಂದರು. ಸರಿತ ನಂಬಲಿಲ್ಲ, ಆದರೂ ಚಹಾ ಕೊಟ್ಟಳು. ಅವಳು ಒಳಗೆ ಹೋದಾಗ ಗೌಡರು ಟೇಪು ತೆಗೆದು ತಪ್ಪಲೆಯ ಬಾಯಿ ಅಳೆದರು. ಅದನ್ನು ಅವಳು ಕಿಟಕಿಯಿಂದ ನೋಡಿದಳು.

ಎರಡನೇ ಮನೆಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಅನಘ ಇದ್ದಳು. ತಪ್ಪಲೆ ಕೇಳಿದ ಕೂಡಲೇ ಅವಳ ಅತ್ತೆ ಸೊಸೆಯನ್ನು ಒಳಗೆ ಕಳಿಸಿ, ಗೌಡರನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಅಲ್ಲಿ ಹುಲ್ಲಿನ ಅಡಿಯಲ್ಲಿ ಅದನ್ನು ಹುಗಿದಿಟ್ಟಿದ್ದರು. ಡೈವೋರ್ಸ್ ಎಂದು ಬರೆದ ಪಾತ್ರೆಯನ್ನು ಹೊಸ ಮದುಮಗಳ ಕೈಗೆ ಕೊಡುವುದೆಂದರೇನು, ನಮ್ಮ ಮನೆಯ ಮೇಲೆ ನಿಮಗೇನು ಸಿಟ್ಟು ಎಂದು ಆ ಮುದುಕಿ ಕೇಳಿದರು. ಇದಕ್ಕೆ ಕಂಪನಿಯ ಹೆಸರು ಎಂದರೆ ನಡೆಯುವುದಿಲ್ಲವೆಂದು ಗೌಡರಿಗೇ ತೋಚಿತು. ತಲೆ ಬಗ್ಗಿಸಿ ಅಗಲ ಅಳೆದುಕೊಂಡು ಬಂದರು.

ಹೀಗೆ ದಿನಾ ಒಂದೆರಡು ಮನೆ. ಪ್ರತಿ ಮನೆಯಲ್ಲೂ ಏನಾದರೂ ತಿನ್ನಲೇಬೇಕು. ಸಂಜೆ ಸೂರ್ಯ ಇಳಿಯುವ ಮುಂಚೆ ಮನೆಯಲ್ಲಿ ಊಟಕ್ಕೆ ಕೂರಲು ಹೊಟ್ಟೆಯಲ್ಲಿ ಜಾಗವಿರುತ್ತಿರಲಿಲ್ಲ. ಸಹಾಯ ಕೇಂದ್ರದವನು ದಿನಾ ಫೋನು ಮಾಡಿ ಇವತ್ತು ಎಷ್ಟು ಸಿಕ್ಕಿತು ಎಂದು ವಿಚಾರಿಸುತ್ತಿದ್ದ. ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನೆಲ್ಲ ಗೌಡರು ಅವನಿಗೆ ಹೇಳತೊಡಗಿದರು. ಸರಿತಳ ಸಿಟ್ಟು, ಕೊಟ್ಟಿಗೆಯ ಹುಲ್ಲು, ಏರು ಹತ್ತಿ ಬಂದ ಮೊಣಕಾಲು ನೋವು. ಮೊದಮೊದಲು ಅವನು ಅವಸರ ಮಾಡುತ್ತಿದ್ದ. ಆಮೇಲೆ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಿ ಎಂದ. ಗೌಡರು ಅದನ್ನೂ ಚಾಚೂ ತಪ್ಪದೆ ಮಾಡಿದರು.

ಇಷ್ಟರಲ್ಲಿ ಸುದ್ದಿ ಲೀಲಾವತಿಗೆ ಮುಟ್ಟಿತು. ಗೌಡರು ಮನೆ ಮನೆಗೆ ಹೋಗಿ ದಾನ ಕೊಟ್ಟ ಪಾತ್ರೆಗಳನ್ನು ಟೇಪಿನಲ್ಲಿ ಅಳೆಯುತ್ತಿದ್ದಾರಂತೆ, ದೊಡ್ಡದು ಕೊಟ್ಟದ್ದಕ್ಕೆ ಹೊಟ್ಟೆ ಉರಿಯಂತೆ. ಗಂಡ ಬಂದ ಕೂಡಲೇ ಅವಳು ಜಗುಲಿಯಲ್ಲಿ ಎದುರು ಕೂತಳು. ಗೌಡರು ಟೇಪನ್ನು ಹೊರಗೆ ತೆಗೆದಿಟ್ಟು, ಯಾನ್ ಕೊಟ್ಟ ಉಡುಗೊರೆಯಿಂದ ಶುರುಮಾಡಿ ಗೋಬರ್ ಗ್ಯಾಸಿನವರೆಗೆ ಎಲ್ಲವನ್ನೂ ಹೇಳಿದರು.

ಲೀಲಾವತಿ ಕೇಳಿ ಮುಗಿಸಿ ಅಂಗಳದ ಕಡೆ ನೋಡಿದಳು.

“ಹಾಗಾದರೆ ನೋಂಪಿಗೆ ಅಂತ ತಂದದ್ದಲ್ಲ.”

“ಅಲ್ಲ.”

“ಅಷ್ಟೂ ಒಬ್ಬಟ್ಟು ಟಾರ್ಪಾಲಿಗೆ ಅಂದುಕೊಂಡು ತಿಂದಿರಾ?”

ಗೌಡರು ಹೌದೆಂದು ತಲೆಯಾಡಿಸಿದರು. ಅವಳು ಎದ್ದು ಒಳಗೆ ಹೋದಳು. ಅಂದು ಗೌಡರು ಹಸುವಿನ ಹಾಲು ತಾವೇ ಕಾಯಿಸಿಕೊಂಡು ಕುಡಿದರು. ಮರುದಿನ ಬೆಳಗಿನ ಕಾಫಿಯನ್ನೂ ತಾವೇ ಮಾಡಿಕೊಂಡರು. ಅವಳಿಗೆ ದುಡ್ಡು ಹೋಯಿತೆಂಬ ಬೇಜಾರಿರಲಿಲ್ಲ. ಅಕ್ಕಿ ಮೂಟೆಯ ಮೇಲೆ ಕೂತು ಅತ್ತದ್ದು ನೆನಪಾಗಿ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಸೈಕಲ್ಲಿನಿಂದ ಬಿದ್ದ ಹುಡುಗನ ಮಾತು ಕೇಳಿ ಹೆಂಡತಿಯಿಂದ ಬಚ್ಚಿಟ್ಟರಲ್ಲ ಎಂಬುದು ಚುಚ್ಚುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳು ಹೊರಗೆ ಬಂದು, “ನೀವು ಜಾರಿ ಬಿದ್ದು ತಲೆಗೆ ಪೆಟ್ಟಾಗಿದ್ದರೆ? ಆ ಹುಡುಗನ ಉಡುಗೊರೆಯನ್ನ ಯಾರು ಹುಡುಕಬೇಕಿತ್ತು?” ಎಂದು ಕೇಳಿದಳು. ಈ ಪ್ರಶ್ನೆಯನ್ನು ಯಾನ್ ಕೇಳಿರಲಿಲ್ಲ.

ಆಮೇಲೆ ಕೆಲಸ ಅವಳ ಕೈಗೆ ಹೋಯಿತು. ಎಲ್ಲ ಹೆಂಗಸರಿಗೂ ಫೋನು ಮಾಡಿ, ಭಾನುವಾರ ನಮ್ಮಲ್ಲಿ ಊಟ, ಬರುವಾಗ ಆ ತಪ್ಪಲೆಯಲ್ಲಿ ನಿಮ್ಮ ಕೈಯಡುಗೆ ಏನಾದರೂ ತನ್ನಿ ಎಂದಳು. ಮಾನಂದವಾಡಿಯಲ್ಲಿ ದನದ ಡಾಕ್ಟರಾಗಿದ್ದ ಮಗಳು ಶ್ರುತಿಯನ್ನೂ ಕರೆಸಿದಳು.

ಭಾನುವಾರ ಹನ್ನೆರಡೂ ತಪ್ಪಲೆಗಳು ಜಗುಲಿಗೆ ಬಂದವು. ಪುಳಿಯೋಗರೆ, ಅವಿಯಲ್, ಪಾಲಡ ಪಾಯಸ, ಮಜ್ಜಿಗೆಹುಳಿ. ಶಾಂತ ದೊಡ್ಡ ತಪ್ಪಲೆಯಲ್ಲಿ ಈರುಳ್ಳಿ ಹಾಕದ ಸಾಂಬಾರು ತಂದು, ಅದಕ್ಕೆ ತಾನು ಪಟ್ಟ ಕಷ್ಟವನ್ನು ವಿವರಿಸಿದಳು. ಎಲ್ಲರ ಊಟ ಮುಗಿದು ಪಾತ್ರೆ ತೊಳೆದ ಮೇಲೆ ಲೀಲಾವತಿ ನಡುವೆ ನಿಂತು ನಡೆದದ್ದನ್ನು ಹೇಳಿದಳು. ಒಬ್ಬಟ್ಟಿನ ಭಾಗವನ್ನು ಮಾತ್ರ ಬಿಟ್ಟಳು. ಸರಿತ ಮೊದಲು ನಕ್ಕಳು. ಅನಘಳ ಅತ್ತೆ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಸೊಸೆಯ ತಲೆ ಸವರಿ, ತಪ್ಪಲೆಯನ್ನು ಮೊದಲ ಸಲ ಬೆಳಕಿನಲ್ಲಿ ಎತ್ತಿ ಹಿಡಿದರು.

ಶ್ರುತಿ ಹೊಸ ಫೋನು ಹಿಡಿದು ಕೂತಳು. ತಪ್ಪಲೆಗಳನ್ನು ಒಂದರೊಳಗೊಂದು ಕೂರಿಸಿ ಕ್ರಮ ಗೊತ್ತುಮಾಡಿದರು. ಎರಡು ತಪ್ಪಲೆಗಳು ಮಾತ್ರ ಬಿದ್ದು ಬಾಯಿ ತಗ್ಗಾಗಿ ಒಂದರೊಳಗೊಂದು ಕೂರಲೊಲ್ಲವು. ಯಾವುದು ಮುಂದೆ ಯಾವುದು ಹಿಂದೆ ತಿಳಿಯದು. ಎರಡು ಸಲ ಹಾಕಿ ನೋಡಿದರಾಯಿತು ಎಂದಳು ಶ್ರುತಿ. ಇನ್ನೊಂದರ ಮೇಲೆ ಅದರ ಒಡತಿ ಅರ್ಚನಾ ತನ್ನ ಹೆಸರನ್ನು ದಪ್ಪಗೆ ಕೊರೆಸಿಬಿಟ್ಟಿದ್ದಳು. ಅಡಿಯ ಪದದಲ್ಲಿ ಮೊದಲ ನಾಲ್ಕು ಅಕ್ಷರ ಮಾತ್ರ ಕಾಣುತ್ತಿದ್ದವು. ಅರ್ಚನಾ ತಪ್ಪು ಮಾಡಿದವಳಂತೆ ಮುದುಡಿದಳು. ಆದರೆ ಈ ಪದಗಳ ಪಟ್ಟಿಯಲ್ಲಿ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಇರುವುದಿಲ್ಲವಂತೆ. ಶ್ರುತಿ ಅಷ್ಟನ್ನು ಒತ್ತಿದಾಗ ಫೋನೇ ಅಂಬ್ರೆಲ್ಲಾ ಎಂದು ತೋರಿಸಿತು.

ಹೆಂಗಸರು ಒಬ್ಬೊಬ್ಬರಾಗಿ ಪದ ಓದಿ ಹೇಳಿದರು. ಪ್ರತಿ ಸಲವೂ ಗೌಡರು ಮೆಲ್ಲಗೆ, ಮೆಲ್ಲಗೆ ಎಂದು ಕೈ ಮಾಡುತ್ತಿದ್ದರು. ಶಾಂತಳ ‘ಆನಿಯನ್’ ಗದ್ದೆಯಾಚೆಗೂ ಕೇಳಿಸಿತು.

ಆಗಲೇ ಗೌಡರ ಫೋನು ರಿಂಗಾಯಿತು. ಶ್ರುತಿಯ ಕೈಯಲ್ಲೇ ಇತ್ತು, ಅವಳೇ ಎತ್ತಿದಳು. ಆ ಕಡೆಯವನು, ಅಂಕಲ್, ಇವತ್ತು ಎಲ್ಲ ಪಾತ್ರೆ ಬರುತ್ತದೆ ಎಂದಿದ್ದಿರಲ್ಲ, ಪದಗಳನ್ನು ಹೇಳಿ ಎಂದ. ಶ್ರುತಿ ಅವನಿಗೆ ಹಿಂದಿಯಲ್ಲಿ ನಾಲ್ಕು ಮಾತು ಹೇಳಿದಳು. ಅವಳ ದನಿಗೆ ಹಸು ಕೂಡ ಕಿವಿ ನಿಮಿರಿಸಿತು. ಫೋನು ಇಟ್ಟ ಮೇಲೆ ಅಪ್ಪನ ಕಡೆ ತಿರುಗಿದಳು.

“ಅಪ್ಪ, ಪದ ಕೇಳಿದವನು ಕಳ್ಳ ಅಂತ ಯಾನ್ ಹೇಳಿರಲಿಲ್ಲವಾ?”

ಗೌಡರಿಗೆ ಆಗ ನೆನಪಾಯಿತು. ಮುಖ ಸಪ್ಪಗಾಯಿತು. ಒಳ್ಳೇ ಮನುಷ್ಯನಾಗಿದ್ದ, ಶಾಖ ಕೊಟ್ಟ ಮೇಲೆ ಮೊಣಕಾಲು ನೋವು ನಿಜವಾಗಿಯೂ ಕಡಿಮೆಯಾಗಿದೆ ಎಂದರು.

ಎರಡನೇ ಪ್ರಯತ್ನದಲ್ಲಿ ವ್ಯಾಲೆಟ್ ತೆರೆಯಿತು. ಯಾನ್ ಕಳಿಸಿದ್ದು ಕೂದಲೆಳೆಯಷ್ಟೂ ಕಡಿಮೆಯಾಗದೆ ಅಲ್ಲೇ ಇತ್ತು. ಎಲ್ಲರೂ ಬಗ್ಗಿ ನೋಡಿದರು, ಸೊನ್ನೆಯಿಂದ ಶುರುವಾಗುವ ಅಂಕಿ ಕಂಡು ನಿರಾಶರಾದರು. ಶ್ರುತಿ, ಇಷ್ಟು ಜನ ಓದಿದ ಪದಗಳನ್ನು ಇನ್ನು ಗುಟ್ಟು ಎನ್ನಲಾಗದು ಎಂದು ಹೇಳಿ, ತಾಯಿ ತಂದೆಯನ್ನು ಮಾತ್ರ ಒಳಕೋಣೆಗೆ ಕರೆದು, ಹೊಸ ವ್ಯಾಲೆಟ್ ಮಾಡಿ ಇದ್ದದ್ದನ್ನೆಲ್ಲ ಅದಕ್ಕೆ ಸಾಗಿಸಿದಳು. ಹೆಂಗಸರು ತಮ್ಮ ತಮ್ಮ ತಪ್ಪಲೆ ಎತ್ತಿಕೊಂಡು ಬೆಳಕಿರುವಾಗಲೇ ಮನೆಗೆ ಹೋದರು.

ಹೊಸ ಪದಗಳನ್ನು ಯಾವ ಅಂಗಡಿಗೂ ಒಯ್ಯಲಿಲ್ಲ. ಗೌಡರು ಎರಡು ಸ್ಟೀಲು ತಗಡಿನ ಮೇಲೆ ಮೊಳೆ, ಸುತ್ತಿಗೆ ಹಿಡಿದು ತಾವೇ ಚುಕ್ಕೆ ಚುಕ್ಕೆಯಾಗಿ ಕುಟ್ಟಿದರು, ಈ ಸಲ ನಂಬರಿನ ಸಮೇತ. ಒಂದು ತಗಡು ಮನೆಯಲ್ಲಿ, ಇನ್ನೊಂದು ಶ್ರುತಿಯ ಬ್ಯಾಂಕ್ ಲಾಕರಿನಲ್ಲಿ. ಎಲ್ಲಿದೆ, ಯಾಕಿದೆ ಎಂಬುದು ಲೀಲಾವತಿಗೂ ಗೊತ್ತು.

ಆದರೆ ಅವಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಒಂದು ಬೆಳಗ್ಗೆ ಕಾಫಿ ಹಣ್ಣು ಕಣದಲ್ಲಿ ಹರಡಿ ಬಂದು ಜಗುಲಿಯಲ್ಲಿ ಕೂತು, ಫೋನಿನಿಂದ ಆ ವ್ಯಾಲೆಟ್ ಅಳಿಸಿಬಿಡಿ ಎಂದಳು. ಗೌಡರು ಬೆಚ್ಚಿದರು. ಎಲ್ಲ ಸರಿಯಿರುವಾಗ ಯಾಕೆ ಎಂದರು.

“ಎಲ್ಲ ಸರಿಯಿರುವಾಗಲೇ ನೋಡಬೇಕು. ನೀವು ಇಲ್ಲದಿದ್ದರೆ ನನ್ನ ಕೈಯಲ್ಲಿ ಬರುತ್ತದಾ ಅಂತ. ನೀವು ಸುಮ್ಮನೆ ಕೂತಿರಿ, ಹೇಳಿಕೊಡಬೇಡಿ.”

ಗೌಡರು ಅಳಿಸಿದರು. ಲೀಲಾವತಿ ತಗಡನ್ನು ಮಡಿಲಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಏಳನೇ ಪದದಲ್ಲಿ ತಪ್ಪಿದಳು. ಗೌಡರು ಬಾಯಿ ತೆರೆದು ಮುಚ್ಚಿಕೊಂಡರು. ಅವಳೇ ಅಳಿಸಿ ಮತ್ತೆ ಹಾಕಿದಳು. ಕೊನೆಯ ಪದ ಒತ್ತಿದ ಮೇಲೆ ಪರದೆಯ ಮೇಲೆ ಸ್ವಲ್ಪ ಹೊತ್ತು ಚಕ್ರ ಸುತ್ತಿತು. ಆಮೇಲೆ ಅಂಕಿ ಬಂತು. ಅವಳು ಅದನ್ನು ಗಂಡನಿಗೆ ತೋರಿಸಿದಳು. ಗೌಡರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು.

ಬಾಣಾಸುರ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಲೀಲಾವತಿ ಫೋನನ್ನು ಅವರ ಕೈಗೆ ಕೊಟ್ಟು, ತಗಡನ್ನು ಸೆರಗಿನಲ್ಲಿ ಸುತ್ತಿ ಒಳಗಿಟ್ಟು ಬಂದಳು. ಇಬ್ಬರೂ ಕಾಫಿ ಹಣ್ಣು ರಾಶಿ ಮಾಡಲು ಕಣಕ್ಕೆ ಇಳಿದರು.